ಎಂಬತ್ತು ಕಿಲೋ ಎತ್ತುವ ಎಂಜಿನ್ ವಿಕ್ರಮನನ್ನು ನಿಲ್ಲಿಸಿದ್ದು ಹೇಗೆ?

ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನಲ್ಲಿ ನಾಲ್ಕು ದೊಡ್ಡ ಎಂಜಿನ್‌ಗಳಿದ್ದವು. ಒಂದೊಂದರ ಬಲ ಹೆಚ್ಚೆಂದರೆ 800 ನ್ಯೂಟನ್. ಕೇಳೋಕೆ ಭಾರೀ ಅನ್ನಿಸುತ್ತದೆ ಅಲ್ವಾ? ಆದರೆ ಭೂಮಿಯ ಮೇಲೆ 800 ನ್ಯೂಟನ್ ಅಂದರೆ ಎಂಬತ್ತು ಕಿಲೋ ತೂಗುವ ಒಬ್ಬ ಮನುಷ್ಯನನ್ನು ಎತ್ತಿ ಹಿಡಿಯುವಷ್ಟು ಬಲ, ಅಷ್ಟೇ. ನಾಲ್ಕೂ ಸೇರಿದರೆ 3200 ನ್ಯೂಟನ್.

ಈಗ ಲ್ಯಾಂಡರ್ ಕಡೆ ನೋಡಿ. ಹೊಟ್ಟೆಯಲ್ಲಿದ್ದ 26 ಕೆಜಿಯ ಪ್ರಜ್ಞಾನ್ ರೋವರನ್ನೂ ಸೇರಿಸಿ ಅದು 1752 ಕೆಜಿ ಇತ್ತು. ಅದನ್ನು ಬೆಂಗಳೂರಿನ ಯಾವುದೋ ಮೈದಾನದಲ್ಲಿಟ್ಟು ನಾಲ್ಕೂ ಎಂಜಿನ್‌ಗಳನ್ನು ಪೂರ್ತಿ ಉರಿಸಿದ್ದರೆ ನೆಲ ಬಿಟ್ಟು ಒಂದಿಂಚೂ ಮೇಲೇಳುತ್ತಿರಲಿಲ್ಲ. ಅದನ್ನು ಇಲ್ಲಿ ಎತ್ತೋಕೆ 17,000 ನ್ಯೂಟನ್‌ಗಿಂತ ಜಾಸ್ತಿ ಬೇಕು.

ಅದೇ ಎಂಜಿನ್‌ಗಳು 2023ರ ಆಗಸ್ಟ್ 23ರ ಸಂಜೆ, ಗಂಟೆಗೆ ಆರು ಸಾವಿರ ಕಿಲೋಮೀಟರ್ ವೇಗದಲ್ಲಿ ಚಂದ್ರನ ಸುತ್ತ ಓಡುತ್ತಿದ್ದ ಆ ಲ್ಯಾಂಡರನ್ನು ಹಿಡಿದು ನಿಲ್ಲಿಸಿ ನೆಲಕ್ಕೆ ಇಳಿಸಿದವು. ಅಲ್ಲಿ ಗಾಳಿ ಇಲ್ಲ, ಹಾಗಾಗಿ ಪ್ಯಾರಾಚೂಟ್ ಕೆಲಸಕ್ಕೆ ಬರುವುದಿಲ್ಲ. ಆ ವೇಗವನ್ನು ಕರಗಿಸೋಕೆ ಇದ್ದದ್ದು ಎಂಜಿನ್ ಮಾತ್ರ.

ಇಷ್ಟು ಸಣ್ಣ ಬಲಕ್ಕೆ ಅಷ್ಟು ದೊಡ್ಡ ಕೆಲಸ ಹೇಗೆ ಸಾಧ್ಯವಾಯಿತು ಅನ್ನುವುದಕ್ಕೆ ಉತ್ತರ ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲೇ ಇದೆ. ಬಲ = ರಾಶಿ × ವೇಗೋತ್ಕರ್ಷ. ವೇಗೋತ್ಕರ್ಷ ಅಂದರೆ ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಅನ್ನುವುದು. ನಾವೆಲ್ಲ ಬಾಯಿಪಾಠ ಮಾಡಿದ ಸೂತ್ರ ಇದು. ಪರೀಕ್ಷೆಯಲ್ಲಿ 5 ಕೆಜಿ ವಸ್ತು, 10 ನ್ಯೂಟನ್ ಬಲ, ವೇಗೋತ್ಕರ್ಷ ಎಷ್ಟು ಅಂತ ಕೇಳುತ್ತಾರೆ, ಎರಡು ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ವಸ್ತು ಯಾವುದು, ಅದನ್ನು ತಳ್ಳಿದ್ದು ಯಾರು, ಆಮೇಲೆ ಅದೇನಾಯಿತು, ಯಾರೂ ಹೇಳುವುದಿಲ್ಲ. ನನಗೆ ಇದರ ಬಗ್ಗೆ ನಿಜಕ್ಕೂ ಬೇಜಾರಿದೆ. ಇಷ್ಟು ಚಂದದ ವಿಷಯವನ್ನು ಭಾಗಾಕಾರದ ಲೆಕ್ಕ ಮಾಡಿ ಮುಗಿಸಿಬಿಡುತ್ತೇವಲ್ಲ!

ಅಕ್ಕನ ಮಗಳು ಈ ಪಾಠ ಓದುವಾಗ ಒಂದು ಪ್ರಶ್ನೆ ಕೇಳಿದಳು. "ತಳ್ಳೋದು ನಿಲ್ಲಿಸಿದರೆ ವಸ್ತುವೂ ನಿಲ್ಲಬೇಕಲ್ವಾ?" ತುಂಬಾ ನ್ಯಾಯವಾದ ಪ್ರಶ್ನೆ. ನಾವು ದಿನಾ ನೋಡುವುದು ಹಾಗೇ ಇರುತ್ತದೆ. ಮೇಜು ತಳ್ಳುವುದು ಬಿಟ್ಟರೆ ಮೇಜು ನಿಲ್ಲುತ್ತದೆ. ಹಾಗಾಗಿ ಬಲ ಇದ್ದರೆ ವೇಗ, ಬಲ ಇಲ್ಲದಿದ್ದರೆ ವೇಗವೂ ಇಲ್ಲ ಅಂತ ತಲೆಯಲ್ಲಿ ಕೂತುಬಿಡುತ್ತದೆ. ನೆಲದ ಘರ್ಷಣೆಯೂ ಒಂದು ಬಲ, ಅದು ಉಲ್ಟಾ ದಿಕ್ಕಿಗೆ ತಳ್ಳುತ್ತಲೇ ಇದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ.

ಬಾಯಲ್ಲಿ ಹೇಳಿ ಒಪ್ಪಿಸುವುದಕ್ಕಿಂತ ತೋರಿಸುವುದೇ ಮೇಲು ಅಂತ ನಮ್ಮ ಮೆಟ್ರೋ ಹತ್ತಿಸಿದೆ. ಈಗಿನ ಬಹುತೇಕ ಫೋನುಗಳಲ್ಲಿ ವೇಗೋತ್ಕರ್ಷ ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ, ಅದರ ಗ್ರಾಫ್ ತೋರಿಸುವ ಆಪ್‌ಗಳೂ ಪುಕ್ಕಟೆ ಸಿಗುತ್ತವೆ. ಫೋನನ್ನು ಸೀಟಿನ ಮೇಲೆ ಅಲುಗಾಡದ ಹಾಗೆ, ರೈಲು ಹೋಗುವ ದಿಕ್ಕಿಗೆ ಉದ್ದಕ್ಕೆ ಇಟ್ಟೆವು. ಬಾಗಿಲು ಮುಚ್ಚಿ ರೈಲು ಹೊರಟ ಕೂಡಲೇ ಗೆರೆ ಮೇಲೆದ್ದು ಒಂದರ ಆಸುಪಾಸಿನಲ್ಲಿ ನಿಂತಿತು. ಅಂದರೆ ಪ್ರತಿ ಸೆಕೆಂಡಿಗೆ ವೇಗ ಸುಮಾರು ಸೆಕೆಂಡಿಗೆ ಒಂದು ಮೀಟರಿನಷ್ಟು ಏರುತ್ತಿದೆ. ಸ್ವಲ್ಪ ಹೊತ್ತಾದ ಮೇಲೆ ರೈಲು ಒಳ್ಳೇ ವೇಗ ಹಿಡಿಯಿತು. ಕಿಟಕಿಯ ಹೊರಗೆ ಕಟ್ಟಡಗಳು ಸರಸರ ಹಿಂದೆ ಓಡುತ್ತಿವೆ, ಗ್ರಾಫ್ ಮಾತ್ರ ಕೆಳಗಿಳಿದು ಸೊನ್ನೆಯ ಮೇಲೆ ಕೂತಿದೆ! ಅವಳು ಫೋನ್ ಹಾಳಾಯಿತು ಅಂದುಕೊಂಡಳು. ಮುಂದಿನ ಸ್ಟೇಷನ್ ಹತ್ತಿರ ಬಂದು ಬ್ರೇಕ್ ಬಿದ್ದಾಗ ಗೆರೆ ಸೊನ್ನೆಯಿಂದ ಕೆಳಕ್ಕೆ ಹೋಯಿತು, ರೈಲು ನಿಂತಾಗ ಮತ್ತೆ ಸೊನ್ನೆ.

ಇಡೀ ಪಾಠ ಆ ಗೆರೆಯಲ್ಲಿದೆ. ರೈಲು ನಿಂತಾಗಲೂ ಸೊನ್ನೆ, ಅತಿ ಜೋರಾಗಿ ಓಡುವಾಗಲೂ ಸೊನ್ನೆ. ಯಾಕೆಂದರೆ ಆಗ ಮೋಟರಿನ ಬಲವೂ ಗಾಳಿ ಮತ್ತು ಹಳಿಯ ತಡೆಯೂ ಸರಿಸಮ ಆಗಿ, ಒಟ್ಟು ಬಲ ಸೊನ್ನೆ ಆಗಿರುತ್ತದೆ. ಒಟ್ಟು ಬಲ ಸೊನ್ನೆ ಆದರೆ ವೇಗ ಎಷ್ಟಿದೆಯೋ ಅಷ್ಟೇ ಇರುತ್ತದೆ. ಬಲದಿಂದ ಗೊತ್ತಾಗುವುದು ವೇಗ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದು ಮಾತ್ರ.

ಹಾಗಾದರೆ ವೇಗದಲ್ಲಿ ಒಟ್ಟು ಎಷ್ಟು ಬದಲಾವಣೆ ಆಗುತ್ತದೆ? ಅದಕ್ಕೆ ಆ ಬಲ ಎಷ್ಟು ಹೊತ್ತು ಕೆಲಸ ಮಾಡಿತು ಅಂತ ಗೊತ್ತಿರಬೇಕು. ಸೂತ್ರದಲ್ಲಿ ಸಮಯ ಅಂತ ಎಲ್ಲೂ ಬರೆದಿಲ್ಲ, ಆದರೆ ವೇಗೋತ್ಕರ್ಷದ ಒಳಗೆ ಅದು ಕೂತಿದೆ. ವಿಕ್ರಮನ ಕಥೆ ಪೂರ್ತಿ ಇದರ ಮೇಲೆಯೇ ನಿಂತಿದೆ.

ಇಸ್ರೋದ ಯೋಜನೆ ಹೀಗಿತ್ತು. ಚಂದ್ರನ ನೆಲದಿಂದ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಲ್ಯಾಂಡರ್ ಅಡ್ಡಡ್ಡಲಾಗಿ ಸೆಕೆಂಡಿಗೆ 1.68 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅಲ್ಲಿ ಎಂಜಿನ್ ಹೊತ್ತಿಸಿ, ಓಡುವ ದಿಕ್ಕಿಗೆ ಎದುರಾಗಿ ತಳ್ಳುತ್ತಾ ಹೋಗಬೇಕು. ಈ ಮೊದಲ ಬ್ರೇಕಿನ ಹಂತ 690 ಸೆಕೆಂಡ್, ಅಂದರೆ ಹನ್ನೊಂದೂವರೆ ನಿಮಿಷ. ಅದು ಮುಗಿಯುವ ಹೊತ್ತಿಗೆ ಎತ್ತರ 7.4 ಕಿಲೋಮೀಟರ್, ಅಡ್ಡ ವೇಗ ಸೆಕೆಂಡಿಗೆ 358 ಮೀಟರ್.

ಒಂದು ಕಾಗದ ತಗೊಳ್ಳಿ. 1680ರಲ್ಲಿ 358 ಕಳೆದರೆ 1322. ಅದನ್ನು 690ರಿಂದ ಭಾಗಿಸಿದರೆ ಸುಮಾರು 1.9. ಅಂದರೆ ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 1.9 ಮೀಟರಿನಷ್ಟು ಇಳಿಯುತ್ತಿತ್ತು, ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಪ್ರತಿ ಸೆಕೆಂಡಿಗೆ ಗಂಟೆಗೆ ಏಳು ಕಿಲೋಮೀಟರ್. ಸ್ಟಾಪ್ ಬಂತು ಅಂತ ಒಳ್ಳೇ ಡ್ರೈವರ್ ನಿಧಾನಕ್ಕೆ ಬ್ರೇಕ್ ಒತ್ತಿದರೆ ನಿಂತಿರುವ ಪ್ರಯಾಣಿಕರು ಸ್ವಲ್ಪ ಮುಂದಕ್ಕೆ ವಾಲುತ್ತಾರಲ್ಲ, ಹೆಚ್ಚೂಕಮ್ಮಿ ಅಷ್ಟೇ. ಬಸ್ಸಿಗೆ ಅದು ಎಂಟೊಂಬತ್ತು ಸೆಕೆಂಡಿನ ಕೆಲಸ. ವಿಕ್ರಮ್ ಅದೇ ಬ್ರೇಕನ್ನು ಹನ್ನೊಂದೂವರೆ ನಿಮಿಷ, ಸುಮಾರು 700 ಕಿಲೋಮೀಟರ್ ದೂರ ಒತ್ತಿ ಹಿಡಿದಿತ್ತು.

ಈಗ ಇನ್ನೊಂದು ದಾರಿಯಿಂದ ಬನ್ನಿ. ನಾಲ್ಕು ಎಂಜಿನ್ ಸೇರಿ 3200 ನ್ಯೂಟನ್, ರಾಶಿ 1752 ಕೆಜಿ. ಭಾಗಿಸಿದರೆ 1.83. ಮೊದಲಿನ ಲೆಕ್ಕದಲ್ಲಿ ನಾವು ಎಂಜಿನ್ ಬಗ್ಗೆ ಯೋಚಿಸಲೇ ಇಲ್ಲ, ಬರೀ ವೇಗ ಮತ್ತು ಸಮಯ ನೋಡಿದ್ದೆವು. ಎರಡನೇ ಲೆಕ್ಕದಲ್ಲಿ ವೇಗದ ಸುದ್ದಿಯೇ ಇಲ್ಲ. ಆದರೂ ಎರಡೂ ಒಂದೇ ಜಾಗಕ್ಕೆ ಬಂದು ಸೇರಿದವು! ಮೊದಲ ಸಲ ಇದನ್ನು ಕೂಡಿಸಿ ನೋಡಿದಾಗ ನನಗೆ ಆದ ಖುಷಿಯನ್ನು ಹೇಳೋಕೆ ಆಗುವುದಿಲ್ಲ. ಸ್ವಲ್ಪ ವ್ಯತ್ಯಾಸ ಇರಲೇಬೇಕು. ಇಂಧನ ಉರಿದಂತೆ ರಾಶಿ ಕಮ್ಮಿ ಆಗುತ್ತಾ ಹೋಗುತ್ತದೆ, ಹಾಗಾಗಿ ಅದೇ ಬಲಕ್ಕೆ ವೇಗ ಇನ್ನೂ ಬೇಗ ಇಳಿಯುತ್ತದೆ. ಇನ್ನೊಂದು ಕಡೆ, ಬಲದ ಒಂದು ಪಾಲು ಲ್ಯಾಂಡರನ್ನು ಮೇಲೆ ಹಿಡಿಯುವುದಕ್ಕೂ ಖರ್ಚಾಗುತ್ತದೆ. ಅದೆಲ್ಲ ಹಿಡಿದು ಮಾಡುವುದು ಎಂಜಿನಿಯರುಗಳ ಲೆಕ್ಕ. ಆದರೆ ಅದರ ಬುಡದಲ್ಲಿರುವುದು ಇದೇ ಭಾಗಾಕಾರ.

ಸಮಯ ಇಷ್ಟು ಉದ್ದ ಆದಾಗ ಒಂದು ಅಪಾಯವೂ ಬರುತ್ತದೆ. ಸಣ್ಣ ತಪ್ಪೂ ಬೆಳೆಯುತ್ತಾ ಹೋಗುತ್ತದೆ. ಉದಾಹರಣೆಗೆ ಎಂಜಿನ್ ಬಲ ಬರೀ ನೂರಕ್ಕೆ ಒಂದು ಪಾಲು ಜಾಸ್ತಿ ಆಯಿತು, ಅದನ್ನು ಯಾರೂ ಸರಿಪಡಿಸಲಿಲ್ಲ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ವೇಗೋತ್ಕರ್ಷದಲ್ಲಿ ವ್ಯತ್ಯಾಸ 0.019. ಲೆಕ್ಕಕ್ಕೇ ಇಲ್ಲದಷ್ಟು ಚಿಕ್ಕದು. ಆದರೆ 690 ಸೆಕೆಂಡ್ ಆದ ಮೇಲೆ ವೇಗದಲ್ಲಿ ಸೆಕೆಂಡಿಗೆ 13 ಮೀಟರ್ ತಪ್ಪಿರುತ್ತದೆ, ಮತ್ತು ಇರಬೇಕಾದ ಜಾಗಕ್ಕಿಂತ ಲ್ಯಾಂಡರ್ ನಾಲ್ಕೂವರೆ ಕಿಲೋಮೀಟರ್ ಹಿಂದೆ ಇರುತ್ತದೆ. ನಾಲ್ಕೂವರೆ ಕಿಲೋಮೀಟರ್!

2019ರ ಸೆಪ್ಟೆಂಬರ್ 7ರ ನಡುರಾತ್ರಿ ಚಂದ್ರಯಾನ-2ರ ಲ್ಯಾಂಡರ್ ಕೈತಪ್ಪಿದ್ದು ನಮಗೆಲ್ಲ ನೆನಪಿದೆ. ಆಮೇಲೆ 2023ರಲ್ಲಿ, ಆಗಿನ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ಅದರ ಕಾರಣಗಳನ್ನು ಬಿಡಿಸಿ ಹೇಳಿದರು. ಆ ಲ್ಯಾಂಡರಿನಲ್ಲಿ ಐದು ಎಂಜಿನ್ ಇದ್ದವು, ಅವು ನಿರೀಕ್ಷೆಗಿಂತ ಜಾಸ್ತಿ ಬಲ ಕೊಟ್ಟವು, ತಪ್ಪುಗಳು ಒಂದರ ಮೇಲೊಂದು ಸೇರುತ್ತಾ ಹೋದವು. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಸರಿಪಡಿಸೋಕೆ ಲ್ಯಾಂಡರ್ ತುಂಬಾ ವೇಗವಾಗಿ ತಿರುಗಬೇಕಾಯಿತು, ಅಷ್ಟು ವೇಗಕ್ಕೆ ಸಾಫ್ಟ್‌ವೇರ್ ಬಿಡಲಿಲ್ಲ. ಇಳಿಯೋಕೆ ಗುರುತು ಮಾಡಿದ್ದ ಜಾಗವೂ ಚಿಕ್ಕದು, 500 ಮೀಟರ್ ಉದ್ದ, 500 ಮೀಟರ್ ಅಗಲ. ಬಲ ಜಾಸ್ತಿ ಆದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಒಳ್ಳೇದೇ ಅಲ್ವಾ ಅಂತ ಅನ್ನಿಸಬಹುದು. ಬೇಗ ನಿಧಾನ ಆದರೆ ಇಳಿಯಬೇಕಾದ ಜಾಗ ಇನ್ನೂ ಮುಂದೆಯೇ ಉಳಿದಿರುತ್ತದೆ, ಅಲ್ಲೇ ಇರುವುದು ಕಷ್ಟ.

ಆದ್ದರಿಂದ ಚಂದ್ರಯಾನ-3ರಲ್ಲಿ ಇಳಿಯುವ ಜಾಗವನ್ನು ಸುಮಾರು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಕಾಲುಗಳನ್ನು ಗಟ್ಟಿ ಮಾಡಿದರು. ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಸೇರಿಸಿದರು. ಈ ಕೊನೆಯದು ಬಹಳ ಮುಖ್ಯ. ವೇಗೋತ್ಕರ್ಷ ಅಳೆದು, ಅದನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತಾ ಹೋದರೆ ವೇಗ ಸಿಗುತ್ತದೆ ನಿಜ. ಆದರೆ ಅಳತೆಯ ಪುಟ್ಟ ತಪ್ಪೂ ಜೊತೆಗೇ ಕೂಡುತ್ತಾ ಹೋಗುತ್ತದೆ. ನೆಲವನ್ನೇ ನೋಡಿ ವೇಗ ಹೇಳುವ ಇನ್ನೊಂದು ಕಣ್ಣು ಇದ್ದರೆ ಆ ತಪ್ಪನ್ನು ಆಗಾಗ ತಿದ್ದಿಕೊಳ್ಳಬಹುದು.

ಇಲ್ಲಿವರೆಗೆ ಬಲ ಮತ್ತು ವೇಗೋತ್ಕರ್ಷದ ಮಾತಾಯಿತು. ರಾಶಿ ಮಾತ್ರ ಪಾಪ ಯಾವಾಗಲೂ ತೂಕದ ಜೊತೆ ಕಲಸಿಹೋಗುತ್ತದೆ. ಅಂಗಡಿಯಲ್ಲಿ ನಾವು ಎರಡನ್ನೂ ಕಿಲೋ ಅಂತಲೇ ಕರೆಯುವುದರಿಂದ ಇದು ಸಹಜ. ಚಂದ್ರನ ಮೇಲೆ ವಿಕ್ರಮನ ತೂಕ ಇಲ್ಲಿಯ ಆರನೇ ಒಂದು ಪಾಲಾಗುತ್ತದೆ. ರಾಶಿ ಒಂದು ಗ್ರಾಮೂ ಕಮ್ಮಿ ಆಗುವುದಿಲ್ಲ. ಆರು ಸಾವಿರ ಕಿಲೋಮೀಟರ್ ವೇಗ ಇಳಿಸೋಕೆ ಶುರು ಮಾಡಿದಾಗ ಎಂಜಿನ್‌ಗಳು ಎದುರಿಸಿದ್ದು ಆ ಪೂರ್ತಿ 1752 ಕೆಜಿಯ ರಾಶಿಯನ್ನು. ಚಂದ್ರನ ಗುರುತ್ವ ಕಮ್ಮಿ ಅಂತ ಬ್ರೇಕ್ ಹಾಕುವುದು ಸುಲಭ ಆಗುವುದಿಲ್ಲ.

ಇದನ್ನು ತುಂಬಾ ಚೆನ್ನಾಗಿ ತೋರಿಸುವ ಜಾಗ ಅಂದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಅಲ್ಲಿ ಎಲ್ಲರೂ ತೇಲುತ್ತಿರುತ್ತಾರೆ, ತಕ್ಕಡಿ ಮೇಲೆ ನಿಂತರೆ ಮುಳ್ಳು ಅಲುಗಾಡುವುದೇ ಇಲ್ಲ. ಆದರೆ ತಿಂಗಳುಗಟ್ಟಲೆ ಅಲ್ಲಿರುವವರು ಸೊರಗುತ್ತಿದ್ದಾರಾ ಅಂತ ವೈದ್ಯರಿಗೆ ಗೊತ್ತಾಗಬೇಕು. ಅದಕ್ಕೆ ಒಂದು ಯಂತ್ರ ಇಟ್ಟಿದ್ದಾರೆ. ಗಗನಯಾತ್ರಿ ಅದರ ತೋಳನ್ನು ತಬ್ಬಿ ಹಿಡಿದುಕೊಳ್ಳುತ್ತಾರೆ. ಒಂದು ಸ್ಪ್ರಿಂಗ್ ಅವರನ್ನು ಗೊತ್ತಿರುವ ಬಲದಿಂದ ಎಳೆಯುತ್ತದೆ. ಎಷ್ಟು ಬೇಗ ಚಲಿಸಿದರು ಅಂತ ಯಂತ್ರ ಅಳೆಯುತ್ತದೆ. ಬಲವನ್ನು ವೇಗೋತ್ಕರ್ಷದಿಂದ ಭಾಗಿಸಿದರೆ ರಾಶಿ ಬಂತು. ಮನುಷ್ಯರು ಬಾಹ್ಯಾಕಾಶದಲ್ಲಿ ತಮ್ಮ ರಾಶಿ ಅಳೆದುಕೊಳ್ಳುವುದು 1973ರಲ್ಲಿ ಹಾರಿದ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲೇ ಶುರುವಾಗಿತ್ತು, ಅಲ್ಲಿ ಸ್ಪ್ರಿಂಗಿನ ಕುರ್ಚಿಯಲ್ಲಿ ಕೂತು ಹಿಂದೆ ಮುಂದೆ ತೂಗಿ, ಒಂದು ಸಲ ಹೋಗಿ ಬರೋಕೆ ಎಷ್ಟು ಸಮಯ ಹಿಡಿಯಿತು ಅಂತ ನೋಡುತ್ತಿದ್ದರು. ರಾಶಿ ಜಾಸ್ತಿ ಇದ್ದವರು ನಿಧಾನಕ್ಕೆ ತೂಗುತ್ತಾರೆ. ರಾಶಿ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಈ ಕುರ್ಚಿಯ ಕಥೆ ಹೇಳುತ್ತೇನೆ. ವೇಗ ಬದಲಾಯಿಸೋಕೆ ವಸ್ತು ಎಷ್ಟು ಹಟ ಮಾಡುತ್ತದೆ ಅನ್ನುವುದೇ ರಾಶಿ. ತೂಕ ಹೋದರೂ ಹಟ ಹೋಗುವುದಿಲ್ಲ.

ರಾಕೆಟ್ ಬಗ್ಗೆಯೂ ಒಂದು ಮಾತು. ಚಂದ್ರಯಾನ-3 ಹೊತ್ತು ಎಲ್‌ವಿಎಂ3 ಶ್ರೀಹರಿಕೋಟಾದಿಂದ ಹೊರಟಿದ್ದು 2023ರ ಜುಲೈ 14ರಂದು. ಟಿವಿಯಲ್ಲಿ ನೋಡುವಾಗ ಅದು ನೆಲ ಬಿಡುವುದು ಬಹಳ ನಿಧಾನ ಅನ್ನಿಸುತ್ತದೆ. ಅಷ್ಟು ಬೆಂಕಿ ಉಗುಳುತ್ತಿದೆ, ಆದರೂ ಯಾಕೆ ಇಷ್ಟು ಮೆಲ್ಲಗೆ? ಹೊರಡುವಾಗ ಅದರ ರಾಶಿ ಸುಮಾರು 640 ಟನ್. ಭೂಮಿ ಅದನ್ನು ಸುಮಾರು 63 ಲಕ್ಷ ನ್ಯೂಟನ್ ಬಲದಿಂದ ಕೆಳಗೆ ಎಳೆಯುತ್ತಿದೆ. ಪಕ್ಕದ ಎರಡು ದೊಡ್ಡ ಬೂಸ್ಟರುಗಳು ಸೇರಿ ಕೊಡುವ ಬಲ ಒಂದು ಕೋಟಿ ನ್ಯೂಟನ್ ಅಂತ ಇಟ್ಟುಕೊಳ್ಳಿ. ಸೂತ್ರದಲ್ಲಿ ಹಾಕಬೇಕಾದ್ದು ಒಟ್ಟು ಬಲ, ಅಂದರೆ ಮೇಲಕ್ಕೆ ತಳ್ಳುವುದರಲ್ಲಿ ಕೆಳಕ್ಕೆ ಎಳೆಯುವುದನ್ನು ಕಳೆದು ಉಳಿದದ್ದು. ಬೆಂಕಿಯ ಮೂರರಲ್ಲಿ ಎರಡು ಪಾಲಿನ ಹತ್ತಿರ ಬರೀ ಬೀಳದ ಹಾಗೆ ಹಿಡಿದುಕೊಳ್ಳೋಕೇ ಹೋಯಿತು. ಉಳಿದ ಸುಮಾರು 37 ಲಕ್ಷವನ್ನು 6 ಲಕ್ಷ 40 ಸಾವಿರ ಕೆಜಿಯಿಂದ ಭಾಗಿಸಿದರೆ ವೇಗೋತ್ಕರ್ಷ ಆರಕ್ಕೂ ಸ್ವಲ್ಪ ಕಮ್ಮಿ. ಹಾಗಾಗಿ 43.5 ಮೀಟರ್ ಎತ್ತರದ ಆ ರಾಕೆಟ್‌ಗೆ ತನ್ನಷ್ಟೇ ಎತ್ತರ ಏರೋಕೆ ಸುಮಾರು ನಾಲ್ಕು ಸೆಕೆಂಡ್ ಹಿಡಿಯುತ್ತದೆ. ಆದರೆ ಆ ಎರಡು ಬೂಸ್ಟರುಗಳು ಎರಡು ನಿಮಿಷ ಚಿಲ್ಲರೆಯಲ್ಲಿ 400 ಟನ್ ಇಂಧನ ಉರಿಸಿ ಮುಗಿಸುತ್ತವೆ. ರಾಶಿ ಹಾಗೆ ಕರಗುತ್ತಾ ಹೋದರೆ ಅದೇ ಬಲಕ್ಕೆ ವೇಗ ಎಷ್ಟು ಬೇಗ ಏರುತ್ತದೆ ನೀವೇ ಯೋಚಿಸಿ.

ಈ ಸೂತ್ರವನ್ನು ನಾವು ನ್ಯೂಟನ್ ಹೆಸರಲ್ಲಿ ಓದುತ್ತೇವೆ, ಅದು ಸರಿಯೇ. 1687ರ ಪ್ರಿನ್ಸಿಪಿಯಾ ಅನ್ನುವ ಪುಸ್ತಕದಲ್ಲಿ ಅವರು ಹೇಳಿದ್ದು, ಚಲನೆಯಲ್ಲಿ ಆಗುವ ಬದಲಾವಣೆ ಹಾಕಿದ ಬಲಕ್ಕೆ ತಕ್ಕಂತೆ ಇರುತ್ತದೆ, ಬಲ ಯಾವ ದಿಕ್ಕಿಗೋ ಬದಲಾವಣೆಯೂ ಆ ದಿಕ್ಕಿಗೇ ಅಂತ. ಚಲನೆ ಅಂದರೆ ಅವರಿಗೆ ರಾಶಿ ಮತ್ತು ವೇಗ ಎರಡೂ ಸೇರಿದ್ದು, ನಾವು ಸಂವೇಗ ಅಂತ ಓದುತ್ತೇವಲ್ಲ, ಅದು. ಇವತ್ತಿನ ಸಮೀಕರಣದ ರೂಪದಲ್ಲಿ ಅದನ್ನು ಎಲ್ಲಾ ಬಗೆಯ ಚಲನೆಗೂ ಹೊಂದುವ ಹಾಗೆ ಬರೆದು ನಿಲ್ಲಿಸಿದ ಕೆಲಸದಲ್ಲಿ ಗಣಿತಜ್ಞ ಆಯ್ಲರ್ ಅವರ ಪಾಲು ದೊಡ್ಡದು, ಅದು ಸುಮಾರು 1750ರ ಹೊತ್ತಿಗೆ. ದಿಕ್ಕಿನ ಮಾತನ್ನು ಶಾಲೆಯಲ್ಲಿ ಬೇಗ ಮರೆಯುತ್ತೇವೆ. ವಿಕ್ರಮ್ ಮೊದಲು ಹೆಚ್ಚುಕಮ್ಮಿ ಮಲಗಿದ ಹಾಗೆ ಇದ್ದು, ಇಳಿಯುತ್ತಾ ಇಳಿಯುತ್ತಾ ನೆಟ್ಟಗೆ ನಿಂತದ್ದು ಇದೇ ಕಾರಣಕ್ಕೆ. ಮೊದಲು ಅಡ್ಡ ವೇಗ ಕೊಲ್ಲಬೇಕಿತ್ತು, ಆಮೇಲೆ ಬೀಳುವ ವೇಗ.

ಕೊನೆಯ ಹಂತದಲ್ಲಿ ನಾಲ್ಕು ಎಂಜಿನ್‌ಗಳ ಪೈಕಿ ಎರಡು ಮಾತ್ರ ಉರಿಯುತ್ತಿದ್ದವು. ಈ ಒಂದು ಸಂಗತಿಯಿಂದ ಮನೆಯಲ್ಲಿ ಕೂತೇ ಇನ್ನೊಂದು ವಿಷಯ ಕಂಡುಹಿಡಿಯಬಹುದು. ಚಂದ್ರನ ಗುರುತ್ವದ ವೇಗೋತ್ಕರ್ಷ 1.62. ಅಂದರೆ ಪ್ರತಿ ಕಿಲೋ ರಾಶಿಯನ್ನು ಬೀಳದ ಹಾಗೆ ಹಿಡಿಯೋಕೆ 1.62 ನ್ಯೂಟನ್ ಬೇಕು. ಎರಡು ಎಂಜಿನ್ ಪೂರ್ತಿ ಉರಿದರೂ 1600 ನ್ಯೂಟನ್. ಭಾಗಿಸಿದರೆ 988 ಕೆಜಿ ಹತ್ತಿರ ಬರುತ್ತದೆ. ಅದಕ್ಕಿಂತ ಜಾಸ್ತಿ ರಾಶಿ ಇದ್ದಿದ್ದರೆ ಎರಡು ಎಂಜಿನ್‌ಗೆ ಅದನ್ನು ಹಿಡಿದು ನಿಲ್ಲಿಸೋಕೆ ಆಗುತ್ತಲೇ ಇರಲಿಲ್ಲ. ಹೊರಟಾಗ 1752 ಇತ್ತು. ಹಾಗಾದರೆ ಅಷ್ಟು ಹೊತ್ತಿಗೆ ಕಮ್ಮಿ ಅಂದರೂ 760 ಕೆಜಿ ಇಂಧನ ಉರಿದುಹೋಗಿರಲೇಬೇಕು. ಟ್ಯಾಂಕಿನೊಳಗೆ ಇಣುಕಿ ನೋಡದೆ, ಒಂಬತ್ತನೇ ಕ್ಲಾಸಿನ ಒಂದು ಸಾಲಿನಿಂದ ಇಷ್ಟು ಹೇಳಬಹುದು!

ಇಳಿದ ಮೇಲೆ ಸೆಪ್ಟೆಂಬರ್ ಮೊದಲ ವಾರ ಇಸ್ರೋದವರು ಇನ್ನೊಂದು ಸಲ ಎಂಜಿನ್ ಹೊತ್ತಿಸಿದರು. ವಿಕ್ರಮ್ ಸುಮಾರು 40 ಸೆಂಟಿಮೀಟರ್ ಮೇಲೆದ್ದು, 30-40 ಸೆಂಟಿಮೀಟರ್ ಆಚೆ ಹೋಗಿ ಮತ್ತೆ ಕೂತಿತು. ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಈ ಪುಟ್ಟ ನೆಗೆತವನ್ನೇ ಲೆಕ್ಕಕ್ಕೆ ಕೊಡಿ. ಆಗ ಲ್ಯಾಂಡರಿನ ರಾಶಿ 900 ಕೆಜಿ ಇತ್ತು ಅಂತ ಊಹಿಸಿಕೊಳ್ಳಲಿ. ನೆಲ ಬಿಡೋಕೆ ಕನಿಷ್ಠ ಎಷ್ಟು ನ್ಯೂಟನ್ ಬೇಕು? ಅದಕ್ಕಿಂತ 90 ನ್ಯೂಟನ್ ಜಾಸ್ತಿ ಕೊಟ್ಟರೆ ಮೇಲೇಳುವ ವೇಗೋತ್ಕರ್ಷ ಎಷ್ಟು? ಅದೇ ಬಲದಲ್ಲಿ 40 ಸೆಂಟಿಮೀಟರ್ ಏರೋಕೆ ಎಷ್ಟು ಸೆಕೆಂಡ್ ಬೇಕು? ಉತ್ತರ ನಾನು ಇಲ್ಲಿ ಬರೆಯುವುದಿಲ್ಲ, ಅವರೇ ಮಾಡಲಿ.